ಒಂದು ಲೆಕ್ಕಕ್ಕೆ ತೊಂಬತ್ತು ನಿಮಿಷ

ಎಂಜಿನಿಯರಿಂಗ್ ಪ್ರವೇಶಕ್ಕಾಗಿ ನಡೆಯುವ ಜೆಇಇ ಮೇನ್ ಪರೀಕ್ಷೆಯಲ್ಲಿ 180 ನಿಮಿಷಗಳಲ್ಲಿ 75 ಪ್ರಶ್ನೆಗಳಿಗೆ ಉತ್ತರಿಸಬೇಕು. ಪ್ರಶ್ನೆಯೊಂದಕ್ಕೆ ಎರಡೂವರೆ ನಿಮಿಷವೂ ದಕ್ಕುವುದಿಲ್ಲ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಹೆಚ್ಚುಕಡಿಮೆ ಅದೇ ವಯಸ್ಸಿನ ವಿದ್ಯಾರ್ಥಿಗೆ ನಾಲ್ಕೂವರೆ ಗಂಟೆ ಕೊಟ್ಟು ಮೂರೇ ಮೂರು ಲೆಕ್ಕಗಳನ್ನು ಮುಂದಿಡುತ್ತಾರೆ. ಮರುದಿನ ಮತ್ತೆ ಅಷ್ಟೇ ಹೊತ್ತು, ಮತ್ತೆ ಮೂರು ಲೆಕ್ಕ. ಕ್ಯಾಲ್ಕುಲೇಟರ್ ಇಲ್ಲ, ಸೂತ್ರಗಳ ಪಟ್ಟಿ ಇಲ್ಲ. ಅಳತೆಪಟ್ಟಿ, ಕೈವಾರ, ಪೆನ್ನು ಮತ್ತು ಹಾಳೆ ಇಷ್ಟೇ. ಲೆಕ್ಕವೊಂದಕ್ಕೆ 90 ನಿಮಿಷ ಸಿಕ್ಕರೂ ಬಹುಪಾಲು ಮಕ್ಕಳಿಗೆ ಆರನ್ನೂ ಬಿಡಿಸಲಾಗುವುದಿಲ್ಲ. ಪದಕ ಬರದಿದ್ದರೂ ಆರರಲ್ಲಿ ಒಂದನ್ನು ಲೋಪವಿಲ್ಲದೆ ಬಿಡಿಸಿದ ವಿದ್ಯಾರ್ಥಿಗೆ ಗೌರವ ಪ್ರಮಾಣಪತ್ರ ಕೊಡುವ ಪದ್ಧತಿ ಅಲ್ಲಿದೆ ಎಂಬುದರಿಂದಲೇ ಆ ಲೆಕ್ಕಗಳ ತೂಕವನ್ನು ಊಹಿಸಬಹುದು.

ಒಲಿಂಪಿಯಾಡ್ ಎಂಬ ಹೆಸರು ನಮ್ಮ ಪೋಷಕರಿಗೆ ಅಪರಿಚಿತವೇನಲ್ಲ. ಆದರೆ ಆ ಹೆಸರಿನಲ್ಲಿ ನಮ್ಮ ದೇಶದಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳು ನಡೆಯುತ್ತಿವೆ. ಒಂದು, ಖಾಸಗಿ ಸಂಸ್ಥೆಗಳು ಶುಲ್ಕ ಪಡೆದು ಒಂದನೆಯ ತರಗತಿಯಿಂದಲೇ ಶಾಲೆಗಳಲ್ಲಿ ನಡೆಸುವ ಬಹುಆಯ್ಕೆಯ ಪರೀಕ್ಷೆಗಳು. ಇವುಗಳಲ್ಲಿ ಕೆಲವು ‘ಅಂತರರಾಷ್ಟ್ರೀಯ’ ಎಂಬ ವಿಶೇಷಣವನ್ನೂ, ಮೂಲ ಸ್ಪರ್ಧೆಯದೇ ಮೂರಕ್ಷರದ ಸಂಕ್ಷಿಪ್ತ ನಾಮವನ್ನೂ ಇಟ್ಟುಕೊಂಡಿರುವುದರಿಂದ, ಶಾಲೆಯ ವಾರ್ಷಿಕೋತ್ಸವದಲ್ಲಿ ಕೊರಳಿಗೆ ಬಿದ್ದ ಪದಕವನ್ನು ಕಂಡು ಮಗು ದೇಶವನ್ನೇ ಪ್ರತಿನಿಧಿಸಿತೆಂದು ತಿಳಿಯುವವರೂ ಇದ್ದಾರೆ. ಇಂತಹ ಪರೀಕ್ಷೆಗಳಿಂದ ಕೆಡುಕೇನೂ ಇಲ್ಲ, ಪಠ್ಯದ ಅಭ್ಯಾಸ ಸ್ವಲ್ಪ ಗಟ್ಟಿಯಾದೀತು. ಆದರೆ ಇವುಗಳಲ್ಲಿ ಎಷ್ಟೇ ಅಂಕ ಗಳಿಸಿದರೂ ಭಾರತದ ತಂಡದ ಆಯ್ಕೆಗೂ ಅದಕ್ಕೂ ಸಂಬಂಧವಿಲ್ಲ. ಈ ಲೇಖನವು ಎರಡನೆಯ ವ್ಯವಸ್ಥೆಯನ್ನು ಕುರಿತದ್ದು. ಅದನ್ನು ಪರಮಾಣು ಶಕ್ತಿ ಇಲಾಖೆಯ ಆಶ್ರಯದಲ್ಲಿರುವ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ಮತ್ತು ಮುಂಬೈಯ ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ನಡೆಸಿಕೊಂಡು ಬಂದಿವೆ. ಯಾವುದು ಯಾವುದೆಂಬ ಅನುಮಾನ ಬಂದಾಗ ಆ ಕೇಂದ್ರದ ಜಾಲತಾಣದಲ್ಲಿ ಪರೀಕ್ಷೆಯ ಹೆಸರಿದೆಯೇ ಎಂದು ನೋಡಿದರೆ ಸಾಕು.

ಗಣಿತ ಒಲಿಂಪಿಯಾಡ್ 1959ರಲ್ಲಿ ರುಮೇನಿಯಾದಲ್ಲಿ ಏಳು ದೇಶಗಳೊಡನೆ ಆರಂಭವಾಯಿತು. ಭಾರತದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ಶುರುವಾದದ್ದು 1986ರಲ್ಲಿ. ನಮ್ಮ ತಂಡ ಮೊದಲ ಬಾರಿ ಹೊರಟದ್ದು 1989ರಲ್ಲಿ, ಅಂದಿನ ಪಶ್ಚಿಮ ಜರ್ಮನಿಗೆ. 1996ರಲ್ಲಿ ಮುಂಬೈಯೇ ಆತಿಥ್ಯ ವಹಿಸಿತು. ಈ ಚರಿತ್ರೆಯಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ. ರಾಷ್ಟ್ರೀಯ ಮಂಡಳಿಯ ಗಣಿತ ಒಲಿಂಪಿಯಾಡ್ ಘಟಕವು ಬಹಳ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ವಿಭಾಗದಲ್ಲಿಯೇ ಇತ್ತು. ಸಿ. ಆರ್. ಪ್ರಾಣೇಶಾಚಾರ್, ಬಿ. ಜೆ. ವೆಂಕಟಾಚಲ ಮತ್ತು ಸಿ. ಎಸ್. ಯೋಗಾನಂದ ಅವರು ಅಲ್ಲಿದ್ದು ಪ್ರಶ್ನೆಗಳನ್ನು ರೂಪಿಸಿದರು, ಶಿಬಿರಗಳಲ್ಲಿ ಪಾಠ ಮಾಡಿದರು. ಕೋಚಿಂಗ್ ಸೆಂಟರುಗಳ ಫಲಕಗಳಲ್ಲಿ ಕಾಣದ ಈ ಹೆಸರುಗಳನ್ನು ಒಂದು ತಲೆಮಾರಿನ ಭಾರತೀಯ ಗಣಿತಜ್ಞರು ಬಲ್ಲರು. 2024ರಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಭಾರತ ನಾಲ್ಕು ಚಿನ್ನ, ಒಂದು ಬೆಳ್ಳಿ ಮತ್ತು ಒಂದು ಗೌರವ ಪ್ರಮಾಣಪತ್ರದೊಡನೆ ನಾಲ್ಕನೆಯ ಸ್ಥಾನಕ್ಕೆ ಏರಿತು. ಅಲ್ಲಿಯವರೆಗಿನ ನಮ್ಮ ಅತ್ಯುತ್ತಮ ಸ್ಥಾನ ಏಳು.

ತಂಡದ ಆರು ಜನರನ್ನು ಆರಿಸುವ ಬಗೆಯನ್ನು ಪರೀಕ್ಷೆಗಳ ಹೆಸರುಗಳಿಂದ ತಿಳಿಯಹೊರಟರೆ ಇಂಗ್ಲಿಷಿನ ಮೊದಲಕ್ಷರಗಳ ಕಾಡಿನಲ್ಲಿ ದಾರಿ ತಪ್ಪುತ್ತದೆ. ಲೆಕ್ಕವೊಂದಕ್ಕೆ ಕೊಡುವ ಸಮಯದಿಂದ ತಿಳಿದರೆ ಸುಲಭ. ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಗಣಿತ ಶಿಕ್ಷಕರ ಸಂಘವು ನಡೆಸುವ ಮೊದಲ ಹಂತ, ಅಂದರೆ ಐಒಕ್ಯೂಎಂ, ಎಂಟರಿಂದ ಹನ್ನೆರಡನೆಯ ತರಗತಿಯವರೆಗಿನವರಿಗೆ ತೆರೆದಿರುತ್ತದೆ. ಮೂರು ಗಂಟೆಗಳಲ್ಲಿ 30 ಲೆಕ್ಕಗಳು, ಅಂದರೆ ಒಂದಕ್ಕೆ 6 ನಿಮಿಷ. ಇಲ್ಲಿ ಆಯ್ಕೆಗಳಿಲ್ಲ, ಪ್ರತಿ ಉತ್ತರವೂ 00ರಿಂದ 99ರೊಳಗಿನ ಒಂದು ಪೂರ್ಣಾಂಕವಾಗಿರುತ್ತದೆ, ಅದನ್ನು ಗುರುತುಹಾಳೆಯಲ್ಲಿ ತುಂಬಬೇಕು. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಒತ್ತುವವನಿಗೆ ಇರುವ ಅದೃಷ್ಟ ಇಲ್ಲಿ ನೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಇದನ್ನು ದಾಟಿದವರಿಗೆ ಪ್ರಾದೇಶಿಕ ಹಂತವಾದ ಆರ್‌ಎಂಒ. ಅಲ್ಲಿ ಮೂರು ಗಂಟೆಗೆ ಆರು ಲೆಕ್ಕ, ಒಂದಕ್ಕೆ 30 ನಿಮಿಷ. ಜನವರಿಯಲ್ಲಿ ರಾಷ್ಟ್ರೀಯ ಹಂತವಾದ ಐಎನ್‌ಎಂಒ. ನಾಲ್ಕೂವರೆ ಗಂಟೆಗೆ ಆರು, ಒಂದಕ್ಕೆ 45 ನಿಮಿಷ. ಅದರಲ್ಲಿ ಗೆದ್ದ ಕೆಲವೇ ಮಂದಿಗೆ ಬೇಸಗೆಯಲ್ಲಿ ಸುಮಾರು ಒಂದು ತಿಂಗಳ ತರಬೇತಿ ಶಿಬಿರ ನಡೆಯುತ್ತದೆ. ಅಲ್ಲಿನ ಆಯ್ಕೆ ಪರೀಕ್ಷೆಗಳಿಂದ ಆರು ಜನ ಉಳಿಯುತ್ತಾರೆ. 2012ರಲ್ಲಿ ಕೇಂಬ್ರಿಜ್‌ನಲ್ಲಿ ಆರಂಭವಾದ ಯುರೋಪಿನ ಬಾಲಕಿಯರ ಗಣಿತ ಒಲಿಂಪಿಯಾಡ್‌ಗೆ ನಾಲ್ವರು ಹುಡುಗಿಯರನ್ನು ಆರಿಸುವುದೂ ಇದೇ ಹಾದಿಯಿಂದಲೇ.

ಆರು, ಮೂವತ್ತು, ನಲವತ್ತೈದು, ತೊಂಬತ್ತು: ಮೇಲೇರಿದಂತೆ ಹೊತ್ತು ಹೆಚ್ಚುತ್ತದೆ. ನಮ್ಮ ಉಳಿದೆಲ್ಲ ಸ್ಪರ್ಧಾ ಪರೀಕ್ಷೆಗಳಲ್ಲಿ ಮೇಲೇರುವುದೆಂದರೆ ಅವಸರ ಹೆಚ್ಚುವುದು ಎಂದೇ ಅರ್ಥವಾಗಿರುವಾಗ ಈ ಏಣಿ ತಿರುವುಮುರುವಾಗಿದೆ. ಇದರ ಕಾರಣವನ್ನು ತಿಳಿಯಲು ಒಂದು ಲೆಕ್ಕವನ್ನಾದರೂ ಕೈಯಾರೆ ಮಾಡಿ ನೋಡಬೇಕು. 1959ರ ಮೊಟ್ಟಮೊದಲ ಒಲಿಂಪಿಯಾಡ್‌ನ ಮೊಟ್ಟಮೊದಲ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಯಾವುದಾದರೊಂದು ಸ್ವಾಭಾವಿಕ ಸಂಖ್ಯೆಯನ್ನು ‘ಕ’ ಎಂದು ಕರೆಯಿರಿ. ಅಂಶದಲ್ಲಿ 21ಕ + 4, ಛೇದದಲ್ಲಿ 14ಕ + 3 ಇರುವ ಭಿನ್ನರಾಶಿಯನ್ನು, ಕ ಯಾವುದೇ ಆಗಿರಲಿ, ಮತ್ತಷ್ಟು ಸಂಕ್ಷೇಪಿಸಲು ಬರುವುದಿಲ್ಲ ಎಂದು ಸಾಧಿಸಿ.

ಮೊದಲು ಯಾರಾದರೂ ಮಾಡುವುದು ಪರೀಕ್ಷಿಸಿ ನೋಡುವ ಕೆಲಸ. ಕ ಒಂದಾದರೆ 25/17, ಎರಡಾದರೆ 46/31, ಮೂರಾದರೆ 67/45, ಹತ್ತಾದರೆ 214/143. ಯಾವುದೂ ಸಂಕ್ಷೇಪವಾಗುವುದಿಲ್ಲ. ಆದರೆ ಹೀಗೆ ಸಾವಿರ ಬೆಲೆಗಳನ್ನು ಹಾಕಿ ನೋಡಿದರೂ ಸಾವಿರದ ಒಂದನೆಯದರ ಮಾತು ಉಳಿದೇ ಇರುತ್ತದೆ. ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಸಂಕ್ಷೇಪವಾಗುತ್ತದೆ ಎಂದಿಟ್ಟುಕೊಂಡರೆ ಏನಾಗುತ್ತದೆ? ಆಗ ಒಂದಕ್ಕಿಂತ ದೊಡ್ಡದಾದ ಯಾವುದೋ ಸಂಖ್ಯೆ ಅಂಶವನ್ನೂ ಛೇದವನ್ನೂ ನಿಶ್ಶೇಷವಾಗಿ ಭಾಗಿಸಬೇಕು. ಅಂಶವನ್ನು ಭಾಗಿಸುವ ಸಂಖ್ಯೆ ಅಂಶದ ಎರಡರಷ್ಟನ್ನೂ ಭಾಗಿಸುತ್ತದೆ, ಅದು 42ಕ + 8. ಛೇದವನ್ನು ಭಾಗಿಸುವುದು ಛೇದದ ಮೂರರಷ್ಟನ್ನೂ ಭಾಗಿಸುತ್ತದೆ, ಅದು 42ಕ + 9. ಎರಡನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು. ಆ ವ್ಯತ್ಯಾಸ 1. ಒಂದನ್ನು ಒಂದಲ್ಲದೆ ಬೇರಾವ ಸ್ವಾಭಾವಿಕ ಸಂಖ್ಯೆಯೂ ನಿಶ್ಶೇಷವಾಗಿ ಭಾಗಿಸದು. ಆದ್ದರಿಂದ ನಾವು ಊಹಿಸಿಕೊಂಡ ಸಂಖ್ಯೆ ಇರಲಾರದು. ಸಾಧನೆ ಮುಗಿಯಿತು.

ಇದರಲ್ಲಿ ಬಳಕೆಯಾದ ಜ್ಞಾನವನ್ನು ಲೆಕ್ಕ ಹಾಕಿ ನೋಡಿ: 21 ಮತ್ತು 14ರ ಲ.ಸಾ.ಅ. 42 ಎಂಬುದು, ಮತ್ತು ಎರಡು ಸಂಖ್ಯೆಗಳನ್ನು ಭಾಗಿಸುವುದು ಅವುಗಳ ವ್ಯತ್ಯಾಸವನ್ನೂ ಭಾಗಿಸುತ್ತದೆ ಎಂಬುದು. ಎರಡೂ ಹಿರಿಯ ಪ್ರಾಥಮಿಕ ಶಾಲೆಯ ವಿಷಯಗಳೇ. ದೊಡ್ಡ ಸಂಖ್ಯೆಗಳನ್ನು, ಒಂದರ ಮಡಿಯನ್ನು ಇನ್ನೊಂದರಿಂದ ಕಳೆಯುತ್ತ, ಚಿಕ್ಕದಾಗಿಸುವ ಈ ತಂತ್ರಕ್ಕೆ ಬಹಳ ಹಳೆಯ ವಂಶಾವಳಿಯೂ ಇದೆ. ಆರ್ಯಭಟ ಮತ್ತು ಭಾಸ್ಕರಾಚಾರ್ಯರ ಗ್ರಂಥಗಳಲ್ಲಿ ಬರುವ ‘ಕುಟ್ಟಕ’ ವಿಧಾನದ ತಿರುಳು ಇಂಥದೇ ಪರಸ್ಪರ ಭಾಗಾಕಾರ. ಹೆಸರೇ ಹೇಳುವಂತೆ, ಸಂಖ್ಯೆಗಳನ್ನು ಕುಟ್ಟಿ ಪುಡಿಮಾಡುವುದು. ಹಾಗಾದರೆ 90 ನಿಮಿಷ ಎಲ್ಲಿ ಹೋಗುತ್ತದೆ? ಎರಡರಷ್ಟು ಮತ್ತು ಮೂರರಷ್ಟು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ, ಅದನ್ನು ಕಂಡುಕೊಳ್ಳುವುದರಲ್ಲಿ ಹೋಗುತ್ತದೆ. ಮೊದಲ ಒಲಿಂಪಿಯಾಡ್‌ನ ಲೆಕ್ಕ ಇಂದಿನ ಅಳತೆಯಲ್ಲಿ ಬಹಳ ಸುಲಭದ್ದು. ಈಗಿನವುಗಳಲ್ಲಿ ಇಂತಹ ಕಂಡುಕೊಳ್ಳುವಿಕೆಗಳು ಮೂರು ನಾಲ್ಕು ಸರಪಣಿಯಂತೆ ಕೂಡಿರುತ್ತವೆ.

ಮೌಲ್ಯಮಾಪನದ ಕ್ರಮವೂ ಇದಕ್ಕೆ ಹೊಂದಿಕೊಂಡಿದೆ. ಪ್ರತಿ ಲೆಕ್ಕಕ್ಕೆ 7 ಅಂಕ, ಒಟ್ಟು 42. ಮೇಲಿನ ಲೆಕ್ಕದಲ್ಲಿ ಇಪ್ಪತ್ತು ಬೆಲೆಗಳನ್ನು ಹಾಕಿ ‘ಆದ್ದರಿಂದ ಇದು ನಿಜ’ ಎಂದು ಬರೆದವನಿಗೆ, ಅವನ ತೀರ್ಮಾನ ಸರಿಯಾಗಿದ್ದರೂ, ಬಹುಶಃ ಸೊನ್ನೆ. ಸಾಧನೆಯ ನಡುವಿನ ಒಂದು ಕೊಂಡಿಯನ್ನು ಬಿಟ್ಟವನಿಗೆ ಒಂದೋ ಎರಡೋ ಅಂಕ ಕಡಿತ. ವಿದ್ಯಾರ್ಥಿಯ ಉತ್ತರವನ್ನು ಅವನ ದೇಶದ ತಂಡದ ನಾಯಕರು ಮೊದಲು ಓದಿ, ಬಳಿಕ ಆತಿಥೇಯ ದೇಶದ ಮೌಲ್ಯಮಾಪಕರೊಡನೆ ಕುಳಿತು, ಈ ಸಾಲಿನ ಅರ್ಥ ಇದು, ಇದಕ್ಕೆ ಇಷ್ಟು ಅಂಕ ಸಲ್ಲಬೇಕು ಎಂದು ಚರ್ಚಿಸಿ ನಿರ್ಧರಿಸುತ್ತಾರೆ. ಪದಕಗಳು ಸ್ಪರ್ಧಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಿಗುತ್ತವೆ. ಚಿನ್ನ, ಬೆಳ್ಳಿ, ಕಂಚು ಸರಿಸುಮಾರು 1:2:3ರ ಪ್ರಮಾಣದಲ್ಲಿ. ಒಬ್ಬನೇ ಗೆದ್ದು ಉಳಿದವರು ಸೋಲುವ ಆಟ ಇದಲ್ಲ.

ಸಿದ್ಧತೆಯ ವಿಷಯದಲ್ಲಿ ಪೋಷಕರು ಮೊದಲು ಕೇಳುವುದು ಪಠ್ಯಕ್ರಮ ಯಾವುದೆಂದು. ಬೀಜಗಣಿತ, ರೇಖಾಗಣಿತ, ಸಂಖ್ಯಾ ಸಿದ್ಧಾಂತ ಮತ್ತು ಎಣಿಕೆಯ ಗಣಿತವಾದ ಕಾಂಬಿನೇಟರಿಕ್ಸ್, ಈ ನಾಲ್ಕರಿಂದಲೇ ಪ್ರಶ್ನೆಗಳು ಬರುತ್ತವೆ. ಪಿಯುಸಿಯಲ್ಲಿ ಬೆನ್ನುಮುರಿಯುವಷ್ಟು ಕಲಿಸುವ ಕಲನಶಾಸ್ತ್ರ ಇಲ್ಲಿ ಬೇಕಾಗಿಯೇ ಇಲ್ಲ. ಆದ್ದರಿಂದ ಎಂಟನೆಯ ತರಗತಿಯ ಮಗುವಿಗೂ ಎರಡನೆಯ ಪಿಯುಸಿಯ ವಿದ್ಯಾರ್ಥಿಗೂ ಪಠ್ಯದ ಅಂತರ ತೋರಿದಷ್ಟು ದೊಡ್ಡದಲ್ಲ, ಮತ್ತು ಬೇಗ ಆರಂಭಿಸಿದವರಿಗೆ ಹೆಚ್ಚು ಅವಕಾಶಗಳಿವೆ: ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಈ ಬಾಗಿಲು ಮುಚ್ಚುತ್ತದೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಉತ್ತರಗಳ ಸಹಿತ ಹೋಮಿ ಭಾಭಾ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೆ ಅವುಗಳನ್ನು ಬಳಸುವ ಬಗೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಹತ್ತು ನಿಮಿಷ ತಿಣುಕಿ ಉತ್ತರದ ಪುಟ ತೆರೆದರೆ ಆ ಲೆಕ್ಕ ವ್ಯರ್ಥವಾಯಿತೆಂದೇ ತಿಳಿಯಬೇಕು. ಒಂದು ಲೆಕ್ಕವನ್ನು ಎರಡು ದಿನ, ಮೂರು ದಿನ, ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ ತಲೆಯಲ್ಲಿಟ್ಟುಕೊಂಡು ತಿರುಗಿದ ಮೇಲೆಯೇ ಉತ್ತರ ನೋಡುವ ಹಕ್ಕು ಬರುತ್ತದೆ. ಬಳಿಕ ಪುಸ್ತಕ ಮುಚ್ಚಿ, ಸಾಧನೆಯನ್ನು ತಾನೇ ಪೂರ್ಣ ವಾಕ್ಯಗಳಲ್ಲಿ ಬರೆದು, ಇನ್ನೊಬ್ಬರಿಗೆ ಓದಲು ಕೊಡಬೇಕು. ಆ ಇನ್ನೊಬ್ಬರು ಗಣಿತದ ಮೇಷ್ಟ್ರೇ ಆಗಬೇಕೆಂದಿಲ್ಲ. ‘ಇದು ಹೇಗೆ ಬಂತು’ ಎಂದು ಪ್ರತಿ ಸಾಲಿಗೂ ಕೇಳುವ ಸಹಪಾಠಿಯಾದರೆ ಸಾಕು.

ವಿಜ್ಞಾನದ ಒಲಿಂಪಿಯಾಡ್‌ಗಳ ದಾರಿ ತುಸು ಬೇರೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಖಗೋಳಶಾಸ್ತ್ರ ಮತ್ತು ಕಿರಿಯರ ವಿಜ್ಞಾನ, ಹೀಗೆ ಐದು ವಿಷಯಗಳಿಗೆ ಸಾಮಾನ್ಯವಾಗಿ ನವೆಂಬರಿನಲ್ಲಿ ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘವು ಮೊದಲ ಹಂತದ ಪರೀಕ್ಷೆ ನಡೆಸುತ್ತದೆ. ಅನಂತರದ ರಾಷ್ಟ್ರೀಯ ಹಂತ ಮತ್ತು ಶಿಬಿರಗಳು ಹೋಮಿ ಭಾಭಾ ಕೇಂದ್ರದವು. ಇಲ್ಲಿ ಮೊದಲ ಹಂತವು ಪಿಯುಸಿಯ ಪ್ರವೇಶ ಪರೀಕ್ಷೆಗಳನ್ನು ಹೋಲುವುದರಿಂದ ಅದನ್ನು ದಾಟುವವರು ಸಾಕಷ್ಟಿರುತ್ತಾರೆ. ನಿಜವಾದ ತೊಡಕು ಪ್ರಯೋಗಾಲಯದಲ್ಲಿ ಎದುರಾಗುತ್ತದೆ. ಅಂತರರಾಷ್ಟ್ರೀಯ ಭೌತಶಾಸ್ತ್ರ ಒಲಿಂಪಿಯಾಡ್‌ನಲ್ಲಿ ಸಿದ್ಧಾಂತಕ್ಕೆ ಐದು ಗಂಟೆ, ಪ್ರಯೋಗಕ್ಕೂ ಐದು ಗಂಟೆ. ಒಟ್ಟು 50 ಅಂಕಗಳಲ್ಲಿ 20 ಪ್ರಯೋಗಕ್ಕೆ ಮೀಸಲು. ‘ಪ್ರಾಕ್ಟಿಕಲ್’ ಎಂದರೆ ಮೊದಲೇ ಗೊತ್ತಿರುವ ಉತ್ತರಕ್ಕೆ ತಕ್ಕಂತೆ ಅಳತೆಗಳನ್ನು ಬರೆದು ರೆಕಾರ್ಡ್ ಪುಸ್ತಕ ತುಂಬುವುದು ಎಂದು ಕಲಿತುಬಂದ ವಿದ್ಯಾರ್ಥಿ, ಹಿಂದೆಂದೂ ಕಾಣದ ಉಪಕರಣದ ಮುಂದೆ ಐದು ಗಂಟೆ ಕುಳಿತು, ತನ್ನ ಅಳತೆಯಲ್ಲಿ ಎಷ್ಟು ದೋಷವಿರಬಹುದೆಂಬುದನ್ನೂ ತಾನೇ ಅಂದಾಜಿಸಬೇಕಾಗುತ್ತದೆ. ಶಿಬಿರದ ಬಹುಪಾಲು ಹೊತ್ತು ಹಳೆಯ ಅಭ್ಯಾಸವನ್ನು ಮರೆಸುವುದಕ್ಕೇ ಹೋದರೆ ಆಶ್ಚರ್ಯವಿಲ್ಲ. ಕಿರಿಯರ ವಿಜ್ಞಾನದಲ್ಲಿ ಪ್ರಯೋಗವನ್ನು ಮೂವರು ಸೇರಿ ಮಾಡಬೇಕು, ಅದೊಂದು ಒಳ್ಳೆಯ ಏರ್ಪಾಡು. ಖಗೋಳದ ಸ್ಪರ್ಧೆಯಲ್ಲಿ ಆಕಾಶ ವೀಕ್ಷಣೆಗೂ ಅಂಕಗಳಿವೆ; 2025ರಲ್ಲಿ ಈ ಸ್ಪರ್ಧೆ ಮುಂಬೈಯಲ್ಲೇ ನಡೆಯಿತು. ನಗರದ ಬೆಳಕಿನಲ್ಲಿ ನಾಲ್ಕು ನಕ್ಷತ್ರವೂ ಕಾಣದ ಮಹಡಿಮನೆಯ ಹುಡುಗನಿಗಿಂತ, ಬಯಲುಸೀಮೆಯ ಹಳ್ಳಿಯ ಅಂಗಳದಲ್ಲಿ ಮಲಗಿ ಕೃತ್ತಿಕೆ, ರೋಹಿಣಿಗಳನ್ನು ಗುರುತಿಸುವ ಹುಡುಗಿ ಮುಂದಿರಬಹುದಾದ ಜಾಗ ಇದೊಂದೇ ಇರಬೇಕು.

ಕಂಪ್ಯೂಟರ್ ವಿಜ್ಞಾನದ ಒಲಿಂಪಿಯಾಡ್‌ಗೂ ಪ್ರತ್ಯೇಕ ವ್ಯವಸ್ಥೆಯಿದೆ. ಅದರ ಪ್ರವೇಶದ್ವಾರಗಳಲ್ಲಿ ಒಂದಾದ ಜಡ್‌ಐಒ ಪರೀಕ್ಷೆಯಲ್ಲಿ ಕಂಪ್ಯೂಟರೇ ಬೇಕಾಗಿಲ್ಲ. ಪೆನ್ನು ಹಾಳೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ತರ್ಕಿಸಿ ಉತ್ತರ ಕಂಡುಹಿಡಿಯಬಹುದಾದ ಪ್ರಶ್ನೆಗಳನ್ನು ಅಲ್ಲಿ ಕೊಡುತ್ತಾರೆ. ಶಾಲೆಯಲ್ಲಿ ಒಳ್ಳೆಯ ಲ್ಯಾಬ್ ಇಲ್ಲವೆಂದು ಹಿಂಜರಿಯುವವರು ಇದನ್ನು ತಿಳಿದಿರಬೇಕು.

ಇನ್ನು ಭಾಷೆಯ ಮಾತು. ಗಣಿತದ ಮೊದಲ ಹಂತದ ಪ್ರಶ್ನೆಪತ್ರಿಕೆ ಸಾಮಾನ್ಯವಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ಅಂತರರಾಷ್ಟ್ರೀಯ ಹಂತದಲ್ಲಾದರೋ ಪ್ರಶ್ನೆಗಳನ್ನು ಹತ್ತಾರು ಭಾಷೆಗಳಿಗೆ ಅನುವಾದಿಸುತ್ತಾರೆ, ಹಂಗೆರಿಯ ಹುಡುಗ ಹಂಗೇರಿಯನ್ ಭಾಷೆಯಲ್ಲಿಯೇ ಬರೆಯುತ್ತಾನೆ. ಏಣಿಯ ತುದಿಯಲ್ಲಿ ಇರುವ ಸೌಲಭ್ಯ ಬುಡದಲ್ಲಿ ಇಲ್ಲದಿರುವುದು ವಿಚಿತ್ರವಾದರೂ ನಮ್ಮ ವಾಸ್ತವ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದು ದಾಟಲಾಗದ ಗೋಡೆಯೇನೂ ಅಲ್ಲ, ಏಕೆಂದರೆ ಗಣಿತದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವ ಇಂಗ್ಲಿಷ್ ಪದಗಳು ನೂರಿನ್ನೂರನ್ನು ಮೀರುವುದಿಲ್ಲ; ಅವುಗಳಿಗೆ ಅಪವರ್ತನ, ಶೇಷ, ಲಂಬ, ಸ್ಪರ್ಶಕ ಎಂಬ ಕನ್ನಡದ ಜೋಡಿಯನ್ನು ಬರೆದಿಟ್ಟುಕೊಂಡರೆ ಒಂದು ಬೇಸಗೆ ರಜೆಯಲ್ಲಿ ದಕ್ಕುತ್ತವೆ. ಆದರೂ ಆ ಕೆಲಸವನ್ನು ಹದಿಮೂರು ವರ್ಷದ ಮಗುವೊಂದೇ ಮಾಡಿಕೊಳ್ಳಬೇಕೆಂದು ಬಿಡುವುದು ನ್ಯಾಯವಲ್ಲ, ಶಾಲೆಯ ಗಣಿತ ಸಂಘಗಳು ಕೈಗೆತ್ತಿಕೊಳ್ಳಬಹುದಾದ ಕೆಲಸವಿದು.

ಕನ್ನಡದಲ್ಲಿಯೇ ಬರೆಯಬಹುದಾದ ಪರೀಕ್ಷೆಗಳಲ್ಲಿ ಮುಖ್ಯವಾದದ್ದು ಎನ್‌ಎಂಎಂಎಸ್. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ, ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದಿದ್ದರೆ, ರಾಜ್ಯ ಮಟ್ಟದಲ್ಲಿ ನಡೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಇದು 90 ನಿಮಿಷಕ್ಕೆ 90 ಪ್ರಶ್ನೆಗಳ ಓಟ, ಒಲಿಂಪಿಯಾಡ್‌ನ ನೇರ ವಿರುದ್ಧ. ಆದರೆ ಮಗುವನ್ನು ಶಾಲೆಯಲ್ಲಿ ಉಳಿಸುವ ಹಣ ಇಲ್ಲಿದೆ. ಇದಕ್ಕೆ ವ್ಯತಿರಿಕ್ತವಾಗಿ, 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ನಿಮಿಷಗಳ ಲೆಕ್ಕವೇ ಇಲ್ಲ. ಮಕ್ಕಳು ತಮ್ಮೂರಿನ ಕೆರೆಯ ನೀರನ್ನೋ ಬೆಳೆಯ ಕೀಟವನ್ನೋ ತಿಂಗಳುಗಟ್ಟಲೆ ಗಮನಿಸಿ, ಕಂಡದ್ದನ್ನು ತಮ್ಮ ಭಾಷೆಯಲ್ಲೇ ಮಂಡಿಸುವ ಈ ಕಾರ್ಯಕ್ರಮವನ್ನು ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದಿತು. ಎರಡು ದೊಡ್ಡ ಯೋಜನೆಗಳು ಮಾತ್ರ ಈಚೆಗೆ ಇಲ್ಲವಾಗಿವೆ: 1963ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ 2021ರ ಬಳಿಕ ನಿಂತಿದೆ, 1999ರಿಂದ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 2022ರಲ್ಲಿ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಹೋಯಿತು. ಇವುಗಳ ಹೆಸರಿನಲ್ಲಿ ಇಂದಿಗೂ ಯಾರಾದರೂ ತರಬೇತಿ ಶುಲ್ಕ ಕೇಳಿದರೆ ಎಚ್ಚರದಿಂದಿರುವುದು ಒಳ್ಳೆಯದು.

ಇಷ್ಟೆಲ್ಲ ಶ್ರಮದಿಂದ ಸಿಗುವುದೇನು ಎಂದು ಕೇಳುವುದು ತಪ್ಪಲ್ಲ. ರಾಷ್ಟ್ರೀಯ ಹಂತದಲ್ಲಿ ಪ್ರಶಸ್ತಿ ಪಡೆದವರಿಗೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬಿ.ಮ್ಯಾಥ್ ಪದವಿಗೆ ಲಿಖಿತ ಪ್ರವೇಶ ಪರೀಕ್ಷೆಯಿಲ್ಲದೆ ನೇರ ಸಂದರ್ಶನಕ್ಕೆ ಕರೆ ಬರುತ್ತದೆ. ಮುಂಬೈ ಐಐಟಿಯ ಗಣಿತ ಪದವಿಗೂ ಒಲಿಂಪಿಯಾಡ್ ಮಾರ್ಗವೊಂದಿದೆ. ಆದರೆ ಆ ಹಂತಕ್ಕೆ ಏರುವವರು ದೇಶದಲ್ಲಿ ಬೆರಳೆಣಿಕೆಯಷ್ಟು ಮಂದಿ. ಪ್ರವೇಶದ ಸೀಟನ್ನೇ ಗುರಿಯಾಗಿಟ್ಟುಕೊಂಡವರಿಗೆ ಇದು ನಷ್ಟದ ವ್ಯಾಪಾರ, ಅವರು ಜೆಇಇಗೋ ಸಿಇಟಿಗೋ ಓದುವುದೇ ಮೇಲು. ಅದೇ ರೀತಿ ಗಣಿತದಲ್ಲಿ ಮುಂದೆ ದೊಡ್ಡ ಕೆಲಸ ಮಾಡಲು ಈ ಪದಕ ಕಡ್ಡಾಯವೂ ಅಲ್ಲ. ಗಣಿತದ ಅತ್ಯುನ್ನತ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ, ಇರಾನಿನ ಮರಿಯಮ್ ಮಿರ್ಜಾಖಾನಿ, 1995ರ ಒಲಿಂಪಿಯಾಡ್‌ನಲ್ಲಿ 42ಕ್ಕೆ 42 ಗಳಿಸಿದ್ದರು. 2022ರಲ್ಲಿ ಅದೇ ಪದಕ ಪಡೆದ ಜೂನ್ ಹ್ಯೂ ಕವಿಯಾಗಬೇಕೆಂದು ಹೈಸ್ಕೂಲನ್ನೇ ಬಿಟ್ಟಿದ್ದವರು.

ಮಗುವಿಗೆ ಇದು ಒಗ್ಗುತ್ತದೆಯೇ ಎಂದು ತಿಳಿಯಲು ಅರ್ಜಿ ತುಂಬುವ ಮೊದಲೇ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದಿದೆ. 1964ರಲ್ಲಿ ಮಾಸ್ಕೋದ ಒಲಿಂಪಿಯಾಡ್‌ನಲ್ಲಿ ಕೇಳಿದ ಲೆಕ್ಕದ ಒಂದು ಭಾಗ ಹೀಗಿದೆ: 2, 4, 8, 16, 32 ಎಂದು ಪ್ರತಿ ಸಲ ಎರಡರಷ್ಟು ಮಾಡುತ್ತ ಹೋದಾಗ ಬರುವ ಯಾವುದೇ ಸಂಖ್ಯೆಗೆ 1 ಕೂಡಿಸಿದರೂ ಅದು 7ರಿಂದ ನಿಶ್ಶೇಷವಾಗಿ ಭಾಗವಾಗದು ಎಂದು ಸಾಧಿಸಿ. ಮೊದಲ ಆರೇಳು ಸಂಖ್ಯೆಗಳನ್ನು 7ರಿಂದ ಭಾಗಿಸಿ ಶೇಷಗಳನ್ನು ಒಂದು ಸಾಲಿನಲ್ಲಿ ಬರೆಯಲು ಹೇಳಿ, ಆಮೇಲೆ ಏನನ್ನೂ ಹೇಳದೆ ಎದ್ದು ಹೋಗಿ.